ಕಮಲಕ್ಕನ ಎಂಟೂವರೆ

ಕಾಪುವಿನ ಪೊಲಿಪು ಕಡಲ ಬದಿಯಲ್ಲಿ ದೋಣಿಯ ಇಂಜಿನ್ ಕೆಟ್ಟರೆ ಜನ ಮೊದಲು ದೇವರ ಹೆಸರು ಹೇಳುತ್ತಿದ್ದರು, ಆಮೇಲೆ ಕಮಲಕ್ಕನ ಹೆಸರು. ದೇವರಿಗೆ ಹೇಳಿಕೊಂಡ ಹರಕೆಯನ್ನು ಎಷ್ಟು ಜನ ತೀರಿಸಿದರೋ ಗೊತ್ತಿಲ್ಲ. ಕಮಲಕ್ಕನ ಶೆಡ್ಡಿಗೆ ಬಂದ ಇಂಜಿನ್ ಮಾತ್ರ ಮರುದಿನ ನಸುಕಿಗೆ ದೋಣಿಯ ಹಿಂದೆ ಕೂತು ಕಡಲಿಗೆ ಹೊರಡುತ್ತಿತ್ತು. ನೈಟಿಯ ಮೇಲೊಂದು ಗಂಡಸರ ಖಾಕಿ ಅಂಗಿ, ಮೊಣಕೈವರೆಗೆ ಗ್ರೀಸು, ಸೊಂಟದಲ್ಲಿ ಸ್ಪ್ಯಾನರುಗಳ ಬಟ್ಟೆಯ ಸುರುಳಿ. ಐವತ್ತೊಂದು ವರ್ಷದ ಈ ಹೆಂಗಸನ್ನು ಮೊದಲ ಸಲ ನೋಡಿದವರು ಮೆಕ್ಯಾನಿಕ್ ಎಲ್ಲಿ ಎಂದು ಕೇಳುವುದುಂಟು. ಹಾಗೆ ಕೇಳಿದವರ ಕೆಲಸವನ್ನು ಅವಳು ಬೇಕೆಂದೇ ಕೊನೆಗೆ ಇಡುತ್ತಿದ್ದಳು.

ವಿದ್ಯೆ ಅಪ್ಪನದು. ಗಣಪ ಎಂದರೆ ಆ ಕರಾವಳಿಯ ಸೀಮೆಎಣ್ಣೆ ಇಂಜಿನುಗಳಿಗೆ ಹೆರಿಗೆ ಮಾಡಿಸಿದ ಮನುಷ್ಯ. ಈಗ ಎಪ್ಪತ್ತೊಂಬತ್ತು, ಕಣ್ಣು ಮಂಜಾಗಿದೆ, ಕಿವಿ ಮಾತ್ರ ಬೆಕ್ಕಿನದು. ಮಗಳಿಗೆ ಹತ್ತು ವರ್ಷವಾದಾಗಿನಿಂದ ಅವನು ಕಲಿಸಿದ್ದು ಒಂದೇ ಪಾಠ: ಇಂಜಿನಿನ ಹೊಟ್ಟೆಯೊಳಗೆ ಎಣ್ಣೆ ಮತ್ತು ಗಾಳಿಯನ್ನು ಎಷ್ಟು ಹಿಂಡಬೇಕು ಎನ್ನುವುದು ಎಣ್ಣೆಯ ಯೋಗ್ಯತೆಯ ಮೇಲೆ ಹೋಗುತ್ತದೆ. ಸೀಮೆಎಣ್ಣೆ ಸಿಡುಕು ಸ್ವಭಾವದ್ದು. ಜೋರಾಗಿ ಹಿಂಡಿದರೆ ಕಿಡಿ ಬರುವ ತನಕ ಕಾಯುವ ತಾಳ್ಮೆ ಅದಕ್ಕಿಲ್ಲ, ತಾನಾಗಿ ಸಿಡಿಯುತ್ತದೆ. ಆಗ ಒಳಗೆ ಸುತ್ತಿಗೆಯಿಂದ ಬಡಿದ ಸದ್ದು, ಮತ್ತೆ ನಾಲ್ಕು ದಿನಕ್ಕೆ ಪಿಸ್ಟನ್ ತೂತು. ಹಾಗಾಗಿ ಗಣಪ ಇಂಜಿನ್ನಿನ ತಲೆಯ ಕೆಳಗೆ ತಾಮ್ರದ ಗ್ಯಾಸ್ಕೆಟ್, ಬಳೆಯಂಥ ತಗಡು, ಒಂದು ಇರಬೇಕಾದಲ್ಲಿ ಎರಡು ಇಡುತ್ತಿದ್ದ. ತಲೆ ಒಂದಿಷ್ಟು ಮೇಲೆ ಕೂರುತ್ತಿತ್ತು, ಒಳಗೆ ಜಾಗ ಹೆಚ್ಚುತ್ತಿತ್ತು, ಹಿಂಡುವುದು ಕಡಿಮೆಯಾಗುತ್ತಿತ್ತು. ಬಚ್ಚಲಿನ ಹಳೆಯ ಹಂಡೆಗಳನ್ನು ಊರೆಲ್ಲ ಸುತ್ತಿ ತಂದು, ಆ ತಾಮ್ರದಿಂದ ಕತ್ತರಿಸುತ್ತಿದ್ದ. ಕಾಪುವಿನ ಎಷ್ಟೋ ಅಜ್ಜಿಯರ ಹಂಡೆಗಳು ಹೀಗೆ ಇವತ್ತಿಗೂ ಕಡಲ ಮೇಲೆ ಓಡಾಡುತ್ತಿವೆ.

ಓಡಾಡುತ್ತಿದ್ದವು ಎನ್ನಬೇಕು. ಸೀಮೆಎಣ್ಣೆ ಸಿಗುವುದು ಕಡಿಮೆಯಾಯಿತು. ದೋಣಿಗಳಿಗೆ ಹೊಸ ನಮೂನೆಯ ಇಂಜಿನುಗಳು ಬಂದವು, ಅವು ಕೆಟ್ಟರೆ ಕಂಪೆನಿಯ ಹುಡುಗರು ಲ್ಯಾಪ್‌ಟಾಪ್ ಹಿಡಿದುಕೊಂಡು ಬರುತ್ತಾರೆ. ಕಮಲಕ್ಕನ ಶೆಡ್ಡಿನಲ್ಲಿ ಹೋದ ವರ್ಷ ಉಳಿದದ್ದು ಎರಡು ಸೀಮೆಎಣ್ಣೆ ಇಂಜಿನು, ಒಂದು ಬೆಕ್ಕು. ಮಲ್ಪೆಯ ಮೀನು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿರುವ ತಮ್ಮ ರೋಶನ್, ಸಿಗಡಿ ಆರಿಸುವ ಕಡೆ ಅಕ್ಕನಿಗೊಂದು ಜಾಗ ಹೇಳಿಟ್ಟ. ಮಾರ್ಚ್ ಮುಗಿಯುವುದರೊಳಗೆ ಹೂಂ ಎನ್ನಬೇಕು, ಆಮೇಲೆ ಬೇರೆಯವರಿಗೆ ಕೊಡುತ್ತಾರೆ. ತಮ್ಮನದು ತಪ್ಪಲ್ಲ, ಪಾಪ, ಪ್ರೀತಿಯಿಂದಲೇ ಹೇಳಿದ್ದು. ಆದರೆ ನಲವತ್ತು ವರ್ಷ ಇಂಜಿನಿನ ಸದ್ದು ಕೇಳಿದ ಕಿವಿಗೆ ಇನ್ನು ಐಸಿನ ಕೋಣೆಯ ಮೌನವೇ ಗತಿ ಎಂದಾಗ ಕಮಲಕ್ಕ ಎರಡು ದಿನ ಕೆಲಸವಿಲ್ಲದ ಸ್ಪ್ಯಾನರುಗಳನ್ನು ಒರೆಸುತ್ತಾ ಕೂತಳು.

ಅಷ್ಟರಲ್ಲಿ ಜಿತೇಂದ್ರ ಬಂದ. ಫೆಬ್ರವರಿ ಕೊನೆಯ ವಾರ, ಪಿಕಪ್ ಗಾಡಿಯಲ್ಲಿ ಒಂದು ಹಳೆಯ ಬುಲೆಟ್ ಬೈಕು, ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಕಾರ್ಕಳದಲ್ಲಿ ಡ್ರೈವಿಂಗ್ ಶಾಲೆ ನಡೆಸುವ ಮನುಷ್ಯ. ವಾರವಿಡೀ ಬೇರೆಯವರಿಗೆ ನಿಧಾನ, ನಿಧಾನ ಎಂದು ಹೇಳಿ ಸುಸ್ತಾಗಿ, ಭಾನುವಾರ ಗೆಳೆಯರೊಂದಿಗೆ ಬುಲೆಟ್ ಏರಿ ಮಾಳದ ಘಾಟಿ ಹತ್ತುತ್ತಾನೆ. ಅವರ ತಂಡದಲ್ಲಿ ಒಟ್ಟು ಹನ್ನೊಂದು ಬುಲೆಟ್ಟು. ಈತ ಎಲ್ಲರಿಗಿಂತ ಮುಂದಿರಬೇಕೆಂದು ದೂರದ ಗ್ಯಾರೇಜೊಂದರಲ್ಲಿ ಇಂಜಿನನ್ನು ಸ್ಟ್ರೋಕರ್ ಮಾಡಿಸಿದ್ದ. ಎಂದರೆ, ಪಿಸ್ಟನ್ನನ್ನು ಮೇಲೆ ಕೆಳಗೆ ಓಡಿಸುವ ಕ್ರ್ಯಾಂಕಿನ ಪಿನ್ನನ್ನು ನಾಲ್ಕು ಮಿಲಿಮೀಟರು ಹೊರಕ್ಕೆ ಸರಿಸುವುದು. ಪಿಸ್ಟನ್ ನಾಲ್ಕು ಹೆಚ್ಚು ಮೇಲೇರುತ್ತದೆ, ನಾಲ್ಕು ಹೆಚ್ಚು ಕೆಳಗಿಳಿಯುತ್ತದೆ. ಉಸಿರು ಉದ್ದವಾಗುತ್ತದೆ, ಬಲ ಬರುತ್ತದೆ. ಮೊದಲ ಭಾನುವಾರ ಗಾಡಿ ಹಾರಿತಂತೆ. ಮೂರನೆಯ ಭಾನುವಾರ ಘಾಟಿಯ ನಡುವೆ ಕಟಕಟ ಬಡಿದು ನಿಂತಿತಂತೆ. ಆಮೇಲೆ ಎರಡು ಕಡೆ ತೋರಿಸಿದರೆ ಇಬ್ಬರೂ ಹಳೆಯ ಕ್ರ್ಯಾಂಕೇ ಹಾಕು ಎಂದರಂತೆ.

ಕಮಲಕ್ಕ ಚೀಲ ಬಿಚ್ಚಿದಳು. ಪಿಸ್ಟನ್ನಿನ ನೆತ್ತಿಯಲ್ಲಿ ಹೆಬ್ಬೆರಳು ಹೋಗುವಷ್ಟು ತೂತು, ಅಂಚೆಲ್ಲ ಬೆಲ್ಲ ಕರಗಿದ ಹಾಗೆ. ಅವಳ ಮುಖ ಅರಳಿತು. ಬೇರೆಯವರ ನಷ್ಟ ನೋಡಿ ಅರಳಬಾರದು ನಿಜ, ಆದರೆ ಹಳೆಯ ಗೆಳತಿಯನ್ನು ಪರವೂರಿನ ಬಸ್ಸಿನಲ್ಲಿ ಕಂಡರೆ ಯಾರಿಗೆ ಖುಷಿಯಾಗುವುದಿಲ್ಲ? ಇಂಥ ತೂತುಗಳನ್ನು ಅವಳು ಸಣ್ಣಂದಿನಿಂದ ಕಂಡವಳು.

"ಕ್ರ್ಯಾಂಕಿನದ್ದು ತಪ್ಪಲ್ಲ," ಎಂದಳು. "ಪಿಸ್ಟನ್ ಮೇಲೆ ಬಂತು, ಆದರೆ ಮೇಲೆ ಅದಕ್ಕೆ ಜಾಗ ಮಾಡಿ ಕೊಡಲಿಲ್ಲ. ಹಿಂಡಿದ್ದು ಹೆಚ್ಚಾಯಿತು. ಉದ್ದ ಕ್ರ್ಯಾಂಕು ಇರಲಿ, ನಾನು ಸರಿ ಮಾಡುತ್ತೇನೆ."

ಜಿತೇಂದ್ರ ಅವಳನ್ನೂ ಮೂಲೆಯಲ್ಲಿದ್ದ ದೋಣಿ ಇಂಜಿನನ್ನೂ ನೋಡಿದ. ನಂಬಿಕೆ ಬರಲಿಲ್ಲ, ಆದರೆ ಬೇರೆ ದಾರಿಯೂ ಇರಲಿಲ್ಲ. ಆತ ಒಂದು ಮಾತು ಹೇಳಿದ. ಮಾರ್ಚ್ ತಿಂಗಳ ಸುಡುಬಿಸಿಲಲ್ಲಿ, ಬಂಕಿನ ಸಾದಾ ಪೆಟ್ರೋಲಿನಲ್ಲಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಈ ಗಾಡಿ ಮಾಳದ ಘಾಟಿಯನ್ನು ಬಡಿಯದೆ ಹತ್ತಬೇಕು, ಹತ್ತುವುದು ಬುಲೆಟ್ಟಿನ ಹಾಗೆ ಹತ್ತಬೇಕು. ಹತ್ತಿದರೆ ತಂಡದ ಹನ್ನೊಂದು ಬುಲೆಟ್ಟುಗಳ ಕೆಲಸವೂ ಇನ್ನು ಮುಂದೆ ಪೊಲಿಪುವಿಗೇ.

ಹನ್ನೊಂದು ಬುಲೆಟ್ಟು! ಅಂದು ಸಂಜೆ ಕಮಲಕ್ಕ ಅಪ್ಪನಿಗೆ ಆ ಸಂಖ್ಯೆಯನ್ನು ನಾಲ್ಕು ಸಲ ಹೇಳಿದಳು. ಹನ್ನೊಂದು ಬಂದರೆ ಶೆಡ್ಡಿನ ಬಾಗಿಲು ತೆರೆದಿರುತ್ತದೆ. ಬರದಿದ್ದರೆ ಏಪ್ರಿಲ್ ಒಂದಕ್ಕೆ ಸಿಗಡಿ.

ಈಗ ಅಳತೆಯ ಮಾತು. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದರ ನೆತ್ತಿಯ ಮೇಲೆ ಎಷ್ಟು ಜಾಗ ಉಳಿಯುತ್ತದೆ, ಅದನ್ನು ತಿಳಿಯದೆ ಹಿಂಡುವ ಲೆಕ್ಕ ಹೇಳುವವನು ಶುದ್ಧ ಬುರುಡೆ. ಕಮಲಕ್ಕ ಮಣಿಪಾಲದ ಬಸ್ಸು ಹತ್ತಿದಳು. ಅಲ್ಲಿನ ಕಾಲೇಜೊಂದರ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುವ ಡುಲ್ಸಿನ್ ಅವಳ ಶಾಲೆಯ ಗೆಳತಿ, ಒಂದೇ ಬೆಂಚು. ಹನಿಹನಿಯಾಗಿ ಅಳೆಯುವ ಉದ್ದನೆಯ ಗಾಜಿನ ಕೊಳವೆ, ಬ್ಯೂರೆಟ್, ತುದಿ ಸ್ವಲ್ಪ ಒಡೆದದ್ದೊಂದು ಬಿಸಾಡಲಿಕ್ಕೆ ಇಟ್ಟದ್ದಿತ್ತು. ಡುಲ್ಸಿನ್ ಅದನ್ನು ಹಳೆಯ ಬೈರಾಸಿನ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ಆಸಿಡ್ ಅಳೆದ ಗಾಜಿನಲ್ಲಿ ತೆಂಗಿನೆಣ್ಣೆ ಅಳೆಯುವುದಾ ಎಂದು ನಕ್ಕಳು, ಘಾಟಿ ಹತ್ತಿದ ದಿನ ಫೋನ್ ಮಾಡಬೇಕು ಎಂದು ಭಾಷೆಯನ್ನೂ ತೆಗೆದುಕೊಂಡಳು. ಬಸ್ಸಿನಲ್ಲಿ ಆ ಗಾಜನ್ನು ಮಡಿಲಲ್ಲಿ ಮಲಗಿಸಿಕೊಂಡು ಬಂದ ಕಮಲಕ್ಕನಿಗೆ ಕಂಡಕ್ಟರ್, ಮಗುವಿಗೆ ಟಿಕೆಟ್ ಬೇಡ್ವಾ ಎಂದು ತಮಾಷೆ ಮಾಡಿದ.

ಹೊಸ ಪಿಸ್ಟನ್ ಹಾಕಿ, ಒಂದೇ ಒಂದು ತಾಮ್ರದ ಗ್ಯಾಸ್ಕೆಟ್ ಇಟ್ಟು ತಲೆಯನ್ನು ಬಿಗಿದಳು. ಇಂಜಿನನ್ನು ವಾಲಿಸಿ, ಪ್ಲಗ್ಗಿನ ತೂತು ಎಲ್ಲಕ್ಕಿಂತ ಮೇಲೆ ಬರುವ ಹಾಗೆ ಮರಳ ಮೂಟೆಗೆ ಒರಗಿಸಿದಳು. ತೆಂಗಿನೆಣ್ಣೆಗೆ ಚೂರು ಸೀಮೆಎಣ್ಣೆ ಬೆರೆಸಿ, ಬ್ಯೂರೆಟ್ಟಿನಿಂದ ಹನಿಹನಿ ಇಳಿಸಿದಳು. ಗಾಳಿಯ ಗುಳ್ಳೆ ಸಿಕ್ಕಿಕೊಳ್ಳದಿರಲಿ ಎಂದು ಮರದ ಕೊಡತಿಯಿಂದ ಮೆಲ್ಲನೆ ತಟ್ಟಿದಳು. ಎಣ್ಣೆ ತೂತಿನ ಅಂಚಿಗೆ ಬಂದು ನಿಂತಾಗ ಗಾಜು ತೋರಿಸಿದ್ದು ನಲವತ್ತೆರಡು ಸಿಸಿ. ಎಲ್ಲ ಬಸಿದು ಮತ್ತೆ ಅಳೆದಳು, ನಲವತ್ತೊಂದೂವರೆ. ಮೂರನೆಯ ಸಲ ನಲವತ್ತೆರಡು. ಉದ್ದವಾದ ಉಸಿರು ಒಳಗೆಳೆಯುವುದು ಮುನ್ನೂರ ಎಪ್ಪತ್ತೇಳು. ಗೂಡಿನಲ್ಲಿ ಮೊದಲೇ ಇರುವ ನಲವತ್ತೆರಡನ್ನೂ ಕೂಡಿಸಿ ಅಷ್ಟನ್ನೂ ಆ ಗೂಡಿಗೇ ತುರುಕಿದರೆ ಹತ್ತು ಪಾಲನ್ನು ಒಂದು ಪಾಲಿಗೆ ಹಿಂಡಿದ ಹಾಗೆ. ಹಳೆಯ ಎರಕದ ಕಬ್ಬಿಣದ ಇಂಜಿನು, ಗಾಳಿಯಲ್ಲೇ ತಣಿಯಬೇಕು, ಕೆಳಗೆ ಘಾಟಿಯ ಏರು, ಮೇಲೆ ಮಾರ್ಚಿನ ಸೂರ್ಯ. ತೂತಾಗದೆ ಇನ್ನೇನು?

ಆ ಹತ್ತನ್ನು ಏಳಕ್ಕೆ ಇಳಿಸಿದರೆ ಬಡಿಯುವ ಭಯವೇ ಇಲ್ಲ, ಆದರೆ ಉದ್ದ ಕ್ರ್ಯಾಂಕು ಹಾಕಿಯೂ ಹಾಕದ ಹಾಗೆ. ಹತ್ತಕ್ಕೇ ಬಿಟ್ಟರೆ ಪಿಸ್ಟನ್ನಿನ ಪ್ರಾಣಕ್ಕೆ ಕುತ್ತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅಪ್ಪ ಮಗಳು ಒಂದು ವಾರ ಚರ್ಚೆ ಮಾಡಿದರು, ಜಗಳವನ್ನೂ ಮಾಡಿದರು. ಕೊನೆಗೆ ನಿಂತದ್ದು ಎಂಟೂವರೆಗೆ. ಎಂಟೂವರೆ ಬೇಕಾದರೆ ಒಳಗೆ ಐವತ್ತು ಸಿಸಿ ಜಾಗ ಬೇಕು, ಇನ್ನೂ ಎಂಟು ಕಡಿಮೆ ಉಂಟು. ಪಿಸ್ಟನ್ ಓಡಾಡುವ ಬ್ಯಾರಲ್ಲಿನ ಬುಡಕ್ಕೆ ಒಂದು ಮಿಲಿಮೀಟರ್ ತಗಡು ಇಟ್ಟು ಎತ್ತಿದರೆ ಹತ್ತಿರ ಹತ್ತಿರ ನಾಲ್ಕು ಸಿಸಿ ಸಿಗುತ್ತದೆ. ಹಾಗಾದರೆ ಎರಡು ಮಿಲಿಮೀಟರ್. ಇಷ್ಟು ಸುಲಭದ ಲೆಕ್ಕವನ್ನು ದೂರದ ಗ್ಯಾರೇಜಿನವನು ಮಾಡಲಿಲ್ಲವಲ್ಲ ಎಂದು ಕಮಲಕ್ಕನಿಗೆ ಸಿಟ್ಟೂ ಬಂತು, ಒಳಗೊಳಗೆ ಜಂಬವೂ ಬಂತು. ಜಂಬ ಬಂದ ಕಡೆ ಮಣೆ ಹಾಕಿ ಕಾಯುತ್ತಾ ಕೂರುವುದು ಮರೆವು.

ಅಲ್ಯೂಮಿನಿಯಮ್ ತಗಡನ್ನು ಅರದಿಂದ ಉಜ್ಜಿ ಅಳತೆಗೆ ತಂದಳು, ಹಂಡೆಯ ತಾಮ್ರದಿಂದ ಹೊಸ ಗ್ಯಾಸ್ಕೆಟ್ ಕತ್ತರಿಸಿದಳು, ಕೆಂಪಗೆ ಕಾಯಿಸಿ ನೀರಿಗೆ ಹಾಕಿ ಮೆದು ಮಾಡಿದಳು. ಶನಿವಾರ ಮುಂಜಾನೆ ಇಂಜಿನ್ ಜೋಡಿಸಿದಳು, ಬಾಯಲ್ಲಿ ತುಳು ಪಾಡ್ದನದ ಹಾಡಿನ ಗುನುಗು. ವಾಲ್ವುಗಳನ್ನು ತಳ್ಳುವ ಕಡ್ಡಿಗಳ ಸ್ಕ್ರೂ ಎಣಿಸಿದ್ದಕ್ಕಿಂತ ಎರಡು ಸುತ್ತು ಹೆಚ್ಚು ಬಿಚ್ಚಬೇಕಾಯಿತು. ಹಳೆಯ ಕಡ್ಡಿ, ಸವೆದಿರಬೇಕು ಎಂದುಕೊಂಡು ಮುಂದೆ ಹೋದಳು. ಮೊದಲ ಒದೆತಕ್ಕೆ ಬುಲೆಟ್ ಮಾತಾಡಿತು. ಒಳಗಿನ ಕೋಣೆಯಿಂದ ಗಣಪ, ಉಸಿರು ಉದ್ದ ಉಂಟು ಎಂದ. ಸ್ವಲ್ಪ ಹೊತ್ತು ಬಿಟ್ಟು, ಮೆತ್ತಗೂ ಉಂಟಲ್ಲ ಎಂದ. ಎರಡನೆಯದನ್ನು ಮಗಳು ಕೇಳಿಸಿಕೊಳ್ಳಲಿಲ್ಲ.

ಹದಿನೈದು ದಿನ ಮೆಲ್ಲಗೆ ಓಡಿಸಿ ಪಳಗಿಸಿದ ಮೇಲೆ ಮಾರ್ಚ್ ಇಪ್ಪತ್ತೆರಡರ ಭಾನುವಾರ ಪರೀಕ್ಷೆ. ತಂಡದವರು ಬೇಡ, ಮೊದಲು ನಾವಿಬ್ಬರೇ ನೋಡುವ ಎಂದ ಜಿತೇಂದ್ರ. ಕಮಲಕ್ಕ ಹಿಂದೆ ಕೂತಳು. ಬಡಿತ ಹಿಡಿಯಲು ಅವಳ ಬಳಿ ದೋಣಿಯವರ ಉಪಾಯವೊಂದಿತ್ತು. ತಾಮ್ರದ ನಳಿಗೆಯ ಒಂದು ತುದಿಯನ್ನು ಚಪ್ಪಟೆ ಮಾಡಿ ಇಂಜಿನ್ನಿನ ತಲೆಯ ಬೋಲ್ಟಿನ ಕೆಳಗೆ ಬಿಗಿದು, ಇನ್ನೊಂದು ತುದಿಗೆ ಪೆಟ್ರೋಲಿನ ರಬ್ಬರ್ ಪೈಪು ಸಿಕ್ಕಿಸಿ, ಪೈಪನ್ನು ಹೆಲ್ಮೆಟ್ಟಿನೊಳಗೆ ಕಿವಿಗೆ ಇಟ್ಟುಕೊಳ್ಳುವುದು. ಕಡಲ ಗಾಳಿಯ ಅಬ್ಬರದಲ್ಲೂ ಇಂಜಿನಿನ ಒಳಗಿನ ಪಿಸುಮಾತು ಅದರಲ್ಲಿ ಕೇಳುತ್ತದೆ.

ಕಾರ್ಕಳ ದಾಟಿ, ಬಜಗೋಳಿ ದಾಟಿ, ಮಾಳದ ಗೇಟು ಕಳೆದು ಏರು ಶುರುವಾಯಿತು. ಒಂದು ತಿರುವು, ಎರಡು ತಿರುವು. ಪೈಪಿನಲ್ಲಿ ಬಡಿತವಿಲ್ಲ. ಐದನೆಯ ತಿರುವಿನಲ್ಲೂ ಇಲ್ಲ. ಗೆದ್ದೆ ಎಂದುಕೊಳ್ಳುವಾಗ ಹಿಂದಿನಿಂದ ಹಾರ್ನ್ ಮಾಡುತ್ತಾ ಒಂದು ಬಸ್ಸು ಬಂತು, ಇವರನ್ನು ಹಿಂದೆ ಹಾಕಿ ಹೋಯಿತು. ಜಿತೇಂದ್ರ ಗೇರು ಇಳಿಸಿದ, ಆಕ್ಸಿಲರೇಟರಿನ ಕೈ ಪೂರ್ತಿ ತಿರುವಿದ. ಬುಲೆಟ್ ಉಂಡು ಮಲಗಿದ ಕೋಣದ ಹಾಗೆ ತನ್ನ ಪಾಡಿಗೆ ತಾನು ಹೋಗುತ್ತಲೇ ಇತ್ತು. ಆತ ಬದಿಗೆ ನಿಲ್ಲಿಸಿ ಹೆಲ್ಮೆಟ್ ತೆಗೆದ.

"ಬಡಿಯುವುದಿಲ್ಲ, ಒಪ್ಪುತ್ತೇನೆ," ಎಂದ. "ಆದರೆ ಎಳೆಯುವುದೂ ಇಲ್ಲ ಕಮಲಕ್ಕ. ದೋಣಿಗೆ ಸಾಕು ಇದು. ನನಗೆ ಸಾಲದು."

ದೋಣಿಗೆ ಸಾಕು. ಇಳಿಯುವ ದಾರಿಯುದ್ದಕ್ಕೂ ಆ ಮಾತು ಅವಳ ಕಿವಿಯೊಳಗಿನ ಪೈಪಿನಲ್ಲೇ ಹೇಳಿದ ಹಾಗೆ ಕೇಳುತ್ತಿತ್ತು. ಅಳು ಬಂತು, ಹೆಲ್ಮೆಟ್ ಇದ್ದದ್ದರಿಂದ ಯಾರಿಗೂ ಕಾಣಲಿಲ್ಲ. ಅಳತೆ ಮೂರು ಸಲ ಸರಿ. ಲೆಕ್ಕ ಸರಿ. ತಗಡು ಎರಡೇ ಮಿಲಿಮೀಟರು. ಹಾಗಾದರೆ ಎಂಟೂವರೆ ಎಲ್ಲಿ ಹೋಯಿತು? ಎಷ್ಟು ಯೋಚಿಸಿದರೂ ತುದಿ ಸಿಗಲಿಲ್ಲ, ಸಿಗಡಿಯ ಮೇಜು ಮಾತ್ರ ಕಣ್ಣಿಗೆ ಕಟ್ಟಿತು.

ಬಜಗೋಳಿ ಪೇಟೆಯಲ್ಲಿ ಜಿತೇಂದ್ರ ನೀರು ಕುಡಿಯಲು ನಿಲ್ಲಿಸಿದ. ರಸ್ತೆ ಬದಿಯಲ್ಲಿ ಮೀನಿನ ಹೆಂಗಸೊಬ್ಬಳು ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಸೋತರೂ ಅಪ್ಪನಿಗೆ ಮಧ್ಯಾಹ್ನಕ್ಕಲ್ಲದಿದ್ದರೆ ಸಂಜೆಗಾದರೂ ಮೀನು ಬೇಕಲ್ಲ. ಕಮಲಕ್ಕ ಹತ್ತು ಬಂಗುಡೆ ಕೇಳಿದಳು. ಆ ಹೆಂಗಸು ಪಕ್ಕದವಳೊಂದಿಗೆ ಸೊಸೆಯ ವಿಚಾರ ಮಾತಾಡುತ್ತಾ, ಇತ್ತ ನೋಡದೆಯೇ ಹತ್ತು ಎಣಿಸಿ ಹಾಕಿದಳು. ಮಾತು ನಿಲ್ಲಲಿಲ್ಲ. ಕೈ ಮಾತ್ರ ತಾನಾಗಿ ಬುಟ್ಟಿಗೆ ಹೋಗಿ ಇನ್ನೊಂದು ಬಂಗುಡೆಯನ್ನು ತೆಗೆದು ಮೇಲಿಟ್ಟಿತು. ಕೊಸರು. ಕೇಳದೆಯೂ ಕೊಡುವ ಒಂದು ಹೆಚ್ಚಿನದು. ಕಮಲಕ್ಕನ ಅಮ್ಮನೂ ಹೀಗೇ ಹಾಕುತ್ತಿದ್ದಳು, ಎಣಿಸುವುದು ತಲೆ, ಕೊಸರು ಹಾಕುವುದು ಕೈ.

ಕಮಲಕ್ಕ ಮೀನಿನ ಚೀಲದ ಬಾಯಿ ಬಿಡಿಸಿ ಆ ಹನ್ನೊಂದನೆಯ ಬಂಗುಡೆಯನ್ನೇ ನೋಡಿದಳು. ಕಡ್ಡಿಯ ಸ್ಕ್ರೂ ಎರಡು ಸುತ್ತು ಹೆಚ್ಚು ಬಿಚ್ಚಿದ್ದು ನೆನಪಾಯಿತು. ಹಂಡೆಯ ತಾಮ್ರದಿಂದ ಅವತ್ತು ಎಷ್ಟು ಬಳೆ ಕತ್ತರಿಸಿದೆ? ಎರಡು. ನಲವತ್ತು ವರ್ಷದಿಂದ ಯಾವಾಗಲೂ ಎರಡು. ಆ ಹೊಸತರಲ್ಲಿ ಶೆಡ್ಡಿನಲ್ಲಿ ಉಳಿದದ್ದೆಷ್ಟು? ಒಂದೂ ಇಲ್ಲ. ಅಳೆಯುವಾಗ ತಲೆ ಕೆಲಸ ಮಾಡಿತ್ತು, ಒಂದೇ ಇಟ್ಟಿತ್ತು. ಜೋಡಿಸುವಾಗ ತಲೆ ಹನ್ನೊಂದು ಬುಲೆಟ್ಟಿನ ಕನಸು ಕಾಣುತ್ತಿತ್ತು, ಕೈ ಸೀಮೆಎಣ್ಣೆಗೆ ಇಡುವ ಹಾಗೆ ಎರಡನ್ನೂ ಇಟ್ಟಿತ್ತು. ಹುಟ್ಟುಗುಣ ಸುಟ್ಟರೂ ಹೋಗದು. ಒಂದೂವರೆ ಮಿಲಿಮೀಟರಿನ ಒಂದು ಬಳೆ, ಆರು ಸಿಸಿ ಜಾಗ, ಎಂಟೂವರೆ ಅಲ್ಲಿಗೆ ಏಳೂಮುಕ್ಕಾಲಾಗಿ ಕೂತಿತ್ತು.

"ಜಿತೇಂದ್ರಣ್ಣ," ಎಂದಳು. "ನಿಮ್ಮ ಇಂಜಿನಿನೊಳಗೆ ನಾನೊಂದು ಕೊಸರು ಹಾಕಿದ್ದೇನೆ. ತೆಗೆಯುವ. ಇವತ್ತೇ."

ಆತನಿಗೆ ಅರ್ಥವಾಗಲಿಲ್ಲ, ಆದರೆ ಆ ಮುಖ ನೋಡಿದ ಮೇಲೆ ಬೇಡ ಎನ್ನಲು ಬಾಯಿ ಬರಲಿಲ್ಲ. ಕಾರ್ಕಳದ ಡ್ರೈವಿಂಗ್ ಶಾಲೆಯ ಅಂಗಳದಲ್ಲಿ ಬುಲೆಟ್ ನಿಂತಿತು. ಮೀನು ಆತನ ಮನೆಯ ಫ್ರಿಜ್ಜಿಗೆ ಹೋಯಿತು. ಕಾದ ಇಂಜಿನನ್ನು ಬಿಚ್ಚಬಾರದು, ತಲೆ ಸೊಟ್ಟಗಾಗುತ್ತದೆ. ಕಮಲಕ್ಕ ಒಂದೂವರೆ ಗಂಟೆ ಆ ಕಬ್ಬಿಣದ ಮುಂದೆ ಕುಕ್ಕರಗಾಲಿನಲ್ಲಿ ಕೂತಳು, ಐದೈದು ನಿಮಿಷಕ್ಕೆ ಮುಟ್ಟಿ ನೋಡಿದಳು. ಊಟಕ್ಕೆ ಕರೆದರೆ ಏಳಲಿಲ್ಲ. ಕೈ ತಡೆಯುವಷ್ಟು ತಣಿದದ್ದೇ ತಡ, ಸೊಂಟದ ಸುರುಳಿ ಬಿಚ್ಚಿಕೊಂಡಿತು. ಟ್ಯಾಂಕು ಕೆಳಗಿಳಿಯಿತು, ಬೋಲ್ಟುಗಳು ಸಡಿಲಾದವು, ತಲೆ ಮೇಲೆದ್ದಿತು. ಒಂದರ ಮೇಲೊಂದು ಅಂಟಿಕೊಂಡು ಎರಡು ತಾಮ್ರದ ಬಳೆಗಳು ಹೊಳೆದವು. ಕಮಲಕ್ಕ ಗಟ್ಟಿಯಾಗಿ ನಕ್ಕುಬಿಟ್ಟಳು. ಇಷ್ಟು ಸಂತೋಷದಿಂದ ತನ್ನ ತಪ್ಪನ್ನು ಕೈಯಲ್ಲಿ ಎತ್ತಿ ಹಿಡಿದವರನ್ನು ಜಿತೇಂದ್ರ ಜೀವಮಾನದಲ್ಲಿ ಕಂಡಿರಲಿಲ್ಲ.

ಒಂದನ್ನು ಅಂಗಿಯ ಕಿಸೆಗೆ ಹಾಕಿಕೊಂಡಳು. ಕಡ್ಡಿಯ ಸ್ಕ್ರೂಗಳು ಎರಡು ಸುತ್ತು ಹಿಂದಕ್ಕೆ ಹೋಗಿ ಲೆಕ್ಕದ ಜಾಗದಲ್ಲೇ ಕೂತವು. ನಾಲ್ಕು ಗಂಟೆಗೆ, ಬಿಸಿಲು ಆರುವ ಮೊದಲೇ, ಮತ್ತೆ ಮಾಳದ ಗೇಟು.

ಈ ಸಲ ಮೊದಲ ಏರಿನಲ್ಲೇ ಕಮಲಕ್ಕ ಹಿಂದಕ್ಕೆ ವಾಲಿ, ಜಿತೇಂದ್ರನ ಅಂಗಿ ಗಟ್ಟಿ ಹಿಡಿದುಕೊಂಡಳು. ಬುಲೆಟ್ ಎಳೆಯುತ್ತಿತ್ತು! ಪೈಪಿನಲ್ಲಿ ಗುಡುಗಿನ ಹಾಗೆ ಒಂದೊಂದೇ ಹೊಡೆತ, ಸ್ವಚ್ಛ, ದುಂಡಗೆ. ಮೂರನೆಯ ತಿರುವಿನಲ್ಲಿ ಮರಳು ಹೊತ್ತ ಲಾರಿಯೊಂದು ಹಿಂದೆ ಬಿತ್ತು, ಐದನೆಯದರಲ್ಲಿ ಒಂದು ಬಸ್ಸು. ಬೆಳಗಿನ ಬಸ್ಸೇ ಆಗಿರಲಿ ಎಂದು ಕಮಲಕ್ಕ ಆಸೆಪಟ್ಟಳು, ಆಗಿರಲಿಲ್ಲ. ಆದರೂ ಅವಳಿಗೆ ತೃಪ್ತಿಯಿಲ್ಲ. ಇಂಜಿನ್ ಬಡಿಯುವುದು ಓಡುವಾಗಲ್ಲ, ಏದುಸಿರು ಬಿಡುವಾಗ. ಕಡಿದಾದ ಏರಿನಲ್ಲಿ ಆತನ ಬೆನ್ನು ತಟ್ಟಿ, ವೇಗ ಇಳಿಸಿ ಮೇಲಿನ ಗೇರಿಗೆ ಹಾಕಿ ಕೈ ತಿರುವಲು ಹೇಳಿದಳು. ಕಲಿಯುವವರಿಗೆ ಮಾಡಬೇಡಿ ಎಂದು ಅವನು ದಿನವೂ ಹೇಳುವ ತಪ್ಪು ಅದು. ಮಾಡಿದ. ಇಂಜಿನ್ ನಡುಗಿತು, ತಡವರಿಸಿತು. ಕಮಲಕ್ಕ ಕಣ್ಣು ಮುಚ್ಚಿ ಪೈಪಿನ ಸದ್ದಿಗೆ ಕಿವಿಗೊಟ್ಟಳು. ಈಗ ಕಟಕಟ ಎಂದರೆ ಮುಗಿಯಿತು.

ಎನ್ನಲಿಲ್ಲ. ಗುಡ್, ಗುಡ್, ಗುಡ್ ಎಂದು ಭಾರವಾದ ಹೆಜ್ಜೆ ಇಟ್ಟು, ಇಟ್ಟು, ಬುಲೆಟ್ ಆ ಏರನ್ನು ನುಂಗಿತು. ಮೇಲೆ ಸಮತಟ್ಟಿನಲ್ಲಿ ನಿಂತಾಗ ಜಿತೇಂದ್ರ ಗಾಡಿಯ ಸುತ್ತ ಎರಡು ಸುತ್ತು ಬಂದ. ಕಮಲಕ್ಕ ಮೊದಲು ಡುಲ್ಸಿನ್‌ಗೆ ಫೋನ್ ಮಾಡಿದಳು. ಆಮೇಲೆ ಅಪ್ಪನಿಗೆ. ಅಪ್ಪ, ಮೆತ್ತಗೆ ಉಂಟು ಅಂತ ಅವತ್ತೇ ಹೇಳಿದೆನಲ್ಲ ಎಂದ.

ಮುಂದಿನ ಭಾನುವಾರ ಮಾರ್ಚ್ ಇಪ್ಪತ್ತೊಂಬತ್ತು. ರೋಶನ್‌ನ ಫ್ಯಾಕ್ಟರಿಗೆ ಉತ್ತರ ಕೊಡಲು ಎರಡೇ ದಿನ. ಮಾತು ಕೊಟ್ಟವರೆಲ್ಲ ಬರುತ್ತಾರೆಂದು ಏನು ಗ್ಯಾರಂಟಿ? ಕಮಲಕ್ಕ ಶೆಡ್ಡು ಗುಡಿಸಿದಳು, ಗುಡಿಸಿದ್ದನ್ನೇ ಮತ್ತೆ ಗುಡಿಸಿದಳು. ಹತ್ತು ಗಂಟೆಯಾಯಿತು. ಹತ್ತೂವರೆಯಾಯಿತು. ಜಗಲಿಯಲ್ಲಿ ಕೂತಿದ್ದ ಗಣಪ ಇದ್ದಕ್ಕಿದ್ದಂತೆ ಕೈ ಎತ್ತಿ, ಸುಮ್ಮನಿರು ಎಂದು ಸನ್ನೆ ಮಾಡಿದ. ಅವಳಿಗೆ ಅಲೆಯ ಸದ್ದು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ. ಮುದುಕ ಕತ್ತು ಓರೆ ಮಾಡಿ, ಬೆರಳು ಮಡಚುತ್ತಾ ಎಣಿಸತೊಡಗಿದ. ಆಮೇಲೆ ಅವಳಿಗೂ ಕೇಳಿತು, ದೀಪಸ್ತಂಭದ ಕಡೆಯ ರಸ್ತೆಯಲ್ಲಿ ದೂರದ ಗುಡುಗು, ಹತ್ತಿರವಾಗುತ್ತಾ ನೆಲ ನಡುಗಿಸುತ್ತಾ. ಗಣಪನ ಒಂದು ಕೈಯ ಬೆರಳು ಮುಗಿದು ಇನ್ನೊಂದು ಕೈಯದೂ ಮುಗಿಯಿತು. ಆತ ಮತ್ತೆ ಎರಡು ಮಡಚಿದ.

"ನೀನು ಹನ್ನೊಂದು ಅಂತ ಹೇಳಿದ್ದಲ್ವಾ?" ಎಂದ. "ಹನ್ನೆರಡು ಉಂಟು."

ಬುಲೆಟ್ಟುಗಳು ಒಂದೊಂದಾಗಿ ಬಂದು ಕಡಲ ಬದಿಯ ಹೊಯ್ಗೆ ಮರಳಿನ ಅಂಚಿನಲ್ಲಿ ಸಾಲಾಗಿ ನಿಂತವು. ಹನ್ನೆರಡನೆಯದು ತಂಡದವರದಲ್ಲ, ಅಜೆಕಾರಿನ ಯಾರೋ ಒಬ್ಬರು, ದಾರಿಯಲ್ಲಿ ಸುದ್ದಿ ಕೇಳಿ ಬಾಲ ಹಿಡಿದು ಬಂದವರು. ಜಿತೇಂದ್ರ ಹೆಲ್ಮೆಟ್ ತೆಗೆದು, ಆ ಗಾಡಿಯತ್ತ ಬೆರಳು ತೋರಿಸಿ, "ಅದು ಕೊಸರು, ಕಮಲಕ್ಕ," ಎಂದ.

ಕಮಲಕ್ಕ ಅಂಗಿಯ ಕಿಸೆಗೆ ಕೈ ಹಾಕಿದಳು. ಆ ತಾಮ್ರದ ಬಳೆ ಇನ್ನೂ ಅಲ್ಲೇ ಇತ್ತು. ತೆಗೆದು ಬಾಗಿಲ ಚೌಕಟ್ಟಿನ ಮೊಳೆಗೆ ಸಿಕ್ಕಿಸಿದಳು, ಇನ್ನು ಇಂಜಿನ್ ಜೋಡಿಸುವಾಗಲೆಲ್ಲ ಎದುರಿಗೆ ಕಾಣುವ ಹಾಗೆ. ಆಮೇಲೆ ಕಣ್ಣನ್ನು ತೋಳಿನಲ್ಲಿ ಒರೆಸಿಕೊಂಡು, ಕೊನೆಗೆ ಬಂದವರ ಗಾಡಿಯನ್ನೇ ಮೊದಲು ಒಳಗೆ ತಳ್ಳಿಸಿದಳು.